ಚಿನ್ನದ ಬಣ್ಣದ ಬೋಲ್ಟು

ನನ್ನ ಗಂಡನಿಗೆ ಮರೆವು ಶುರುವಾಗಿದೆ ಎಂಬ ಅನುಮಾನವನ್ನು ನನ್ನ ತಲೆಯಲ್ಲಿ ಬಿತ್ತಿದವರು ಹಲ್ಲಿನ ಡಾಕ್ಟರು. ಬಾಯಿಬಿಟ್ಟು ಹಾಗೆ ಹೇಳಲಿಲ್ಲ, ಪಾಪ. ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಜೇಬಿನಿಂದ ಕರವಸ್ತ್ರದ ಗಂಟು ತೆಗೆದು, ನನ್ನೆದುರು ಮೇಜಿನ ಮೇಲೆ ಬಿಚ್ಚಿದರು. ಒಳಗಿದ್ದದ್ದು ಹಿಂದಿನ ವಾರ ನಾವೇ ರಿಪೇರಿ ಮಾಡಿ ಕೊಟ್ಟಿದ್ದ, ಅವರ ಗೇರ್ ಸೈಕಲ್ಲಿನ ಹಳೆಯ ಡಿರೇಲರ್.

"ಕೆಲಸ ಚೆನ್ನಾಗೇ ಆಗಿದೆ ಅಮ್ಮ. ಚೈನು ಸದ್ದಿಲ್ಲದೆ ದಾಟುತ್ತೆ. ಆದ್ರೆ ಇದನ್ನ ಸ್ವಲ್ಪ ನೋಡಿ" ಎಂದು ಕಿರುಬೆರಳಿನಿಂದ ತೋರಿಸಿದರು.

ಡಿರೇಲರ್‌ನಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ಹಲ್ಲುಗಾಲಿಗಳಿರುತ್ತವೆ. ಅವನ್ನು ಹಿಡಿದಿಡುವ ಎರಡು ಬೋಲ್ಟುಗಳೂ ಬೆಳ್ಳಿಯ ಬಣ್ಣದವಾಗಿರಬೇಕಿತ್ತು. ಇದರಲ್ಲಿ ಕೆಳಗಿನದು ಬೆಳ್ಳಿಯ ಬಣ್ಣದ್ದು, ಮೇಲಿನದು ಚಿನ್ನದ ಬಣ್ಣದ್ದು. ಮೇಲಿನದು ಕಳೆದುಹೋಗಿತ್ತೆಂದೇ ಅವರು ನಮ್ಮಲ್ಲಿಗೆ ತಂದಿದ್ದು. ನಮ್ಮವರು ಹುಡುಕಿ ಹಾಕಿದ್ದರು. ಹಾಕಿದ್ದು ಬೇರೆ ಬಣ್ಣದ್ದು.

"ಬಾಯ್ತುಂಬ ಒಳ್ಳೆ ಹಲ್ಲಿರೋವಾಗ ಮುಂದೆ ಒಂದೇ ಒಂದು ಚಿನ್ನದ ಹಲ್ಲು ಕಟ್ಟಿಸಿದ ಹಾಗಿದೆ. ನಾನೂ ಯಾರಿಗೂ ಹಾಗೆ ಕಟ್ಟಿಲ್ಲ" ಎಂದು ಡಾಕ್ಟರು ನಕ್ಕರು. ಆಮೇಲೆ ದನಿ ಇಳಿಸಿ, "ಯಜಮಾನರು ಹುಷಾರಾಗಿದ್ದಾರೆ ತಾನೇ?" ಎಂದು ಕೇಳಿದರು. ಆ ಕೇಳಿದ ರೀತಿಗೆ ನಾನು ಡಿರೇಲರನ್ನು ಮತ್ತೆ ಕೈಗೆತ್ತಿಕೊಂಡು ನೋಡಿದೆ.

ನಮ್ಮದು, ಹೇಳಿದರೆ ಜನ ನಗುವಂಥ ಕಸುಬು. ಗೇರ್ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕ ನೇತಾಡುತ್ತ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರವೇ ಡಿರೇಲರ್. ತೀರ ಹಳೆಯ ಕಾಲದವುಗಳಲ್ಲಿ ದೊಡ್ಡ ಭಾಗಗಳೆಲ್ಲ ಗಟ್ಟಿಮುಟ್ಟಾಗಿ ಉಳಿದಿರುತ್ತವೆ. ಕಳೆದುಹೋಗುವುದು ಚಿಲ್ಲರೆ: ಒಂದು ಸ್ಪ್ರಿಂಗು, ಉಗುರಗಲದ ವಾಷರು, ಧೂಳು ತಡೆಯುವ ಪುಟಾಣಿ ಟೋಪಿ. ಆ ಚಿಲ್ಲರೆ ಇಲ್ಲದಿದ್ದರೆ ಇಡೀ ಸೈಕಲ್ಲು ಗೋಡೆಗೆ ಒರಗಿದ ಅಲಂಕಾರ. ಮಾಡಿದ ಕಂಪನಿಗಳು ಎಂದೋ ಬಾಗಿಲು ಹಾಕಿವೆ. ಹಾಗಾಗಿ ಖಾಲಿ ತೂತನ್ನು ನೋಡಿ, ಇಲ್ಲಿ ಇಂಥದ್ದು ಇತ್ತು, ಅದರ ಥ್ರೆಡ್ಡಿನ ಸುತ್ತು ಇಷ್ಟು ಒತ್ತೊತ್ತು, ಅದು ಇಂಥ ಗೇರಿಗೂ ಹೊಂದುತ್ತದೆ ಎಂದು ಹೇಳುವವರು ಬೇಕು. ಅದು ನಮ್ಮವರ ಕೆಲಸ. ಬಂದದ್ದನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಪೊಟ್ಟಣ ಕಟ್ಟುವುದು, ಗಿರಾಕಿಗಳ ಜೊತೆ ಮಾತಾಡುವುದು, ಬೇಕಾದರೆ ಜಗಳಾಡುವುದು ನನ್ನ ಕೆಲಸ. ಕೊನೆಯದಕ್ಕೆ ನನ್ನನ್ನು ಬಿಟ್ಟರಿಲ್ಲ ಎನ್ನುತ್ತಾರೆ ಇವರು. ನನ್ನನ್ನು ಕರೆಯುವುದೇ 'ಸರ್ಕಾರ' ಎಂದು.

ಇವರ ಬೆಂಚಿನ ಹಿಂದಿನ ಗೋಡೆಯ ತುಂಬ ಡಬ್ಬಿಗಳು. ಬಿಸ್ಕತ್ತಿನವು, ಶೂ ಪಾಲಿಶ್‌ನವು, ಗಂಟಲು ನೋವಿನ ಮಾತ್ರೆಯವು. ಒಂದಕ್ಕೂ ಚೀಟಿ ಅಂಟಿಸಿಲ್ಲ. ನಮ್ಮ ಮಾವನವರ ಕಾಲದ ಒಂದಕ್ಕಂತೂ ಮುಚ್ಚಳವೂ ಇಲ್ಲ. ಯಾವ ಗೇರಿಗೆ ಸೇರಿದ್ದೆಂದು ಅಪ್ಪನಿಗೂ ಮಗನಿಗೂ ತಿಳಿಯದೇ ಹೋದ ಚೂರುಗಳೆಲ್ಲ ಅದರಲ್ಲಿ ಬಿದ್ದಿವೆ. ಯಾವುದರಲ್ಲಿ ಏನಿದೆ ಎಂಬುದು ಇವರೊಬ್ಬರಿಗೇ ಗೊತ್ತು. ಅಂಥ ಮನುಷ್ಯ ಬೆಳ್ಳಿ ಬೋಲ್ಟಿನ ಜಾಗಕ್ಕೆ ಚಿನ್ನದ್ದು ಹಾಕುವುದೆಂದರೇನು?

ಆ ದಿನ ಮಧ್ಯಾಹ್ನ ಡಿರೇಲರ್ ಅನ್ನು ಇವರ ಮುಂದಿಟ್ಟು, ಡಾಕ್ಟರು ವಾಪಸ್ ತಂದರು ಎಂದಷ್ಟೇ ಹೇಳಿದೆ. ಇವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಗಾಲಿ ಸುತ್ತಿಸಿದರು, ಸ್ಪ್ರಿಂಗು ಎಳೆದು ಬಿಟ್ಟರು.

"ಎಲ್ಲ ಸರಿಯಾಗೇ ಇದೆಯಲ್ಲೇ. ಏನಂತೆ ಅವರದ್ದು?"

"ಬೋಲ್ಟು ನೋಡಿ."

"ಬೋಲ್ಟಿಗೇನಾಗಿದೆ? ಥ್ರೆಡ್ ಸರಿಯಾಗಿ ಕೂತಿದೆ" ಎಂದು ಏನೂ ಅರ್ಥವಾಗದವರಂತೆ ನನ್ನನ್ನೇ ನೋಡಿದರು. ನಾನು ಅವರನ್ನು ನೋಡಿದೆ. ಕಣ್ಣೆದುರಿಗೆ ಒಂದು ಹಳದಿ, ಒಂದು ಬಿಳಿ. ತಮಾಷೆ ಮಾಡುತ್ತಿದ್ದಾರೋ, ನಿಜವಾಗಿಯೂ ಚಿನ್ನ ಯಾವುದು ಬೆಳ್ಳಿ ಯಾವುದು ಎಂಬುದೇ ಮರೆತುಹೋಗಿದೆಯೋ ತಿಳಿಯಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ಮಾತು ನುಂಗುವುದು ಎಂದರೆ ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ.

ಅಲ್ಲಿಂದ ಎಲ್ಲವೂ ಅನುಮಾನವಾಗತೊಡಗಿತು. ಹಿಂದಿನ ಚಳಿಗಾಲದಲ್ಲಿ ನನ್ನ ತಂಗಿ ಒಂದು ನೀಲಿ ಸ್ವೆಟರ್ ಹೆಣೆದು ಕೊಟ್ಟಿದ್ದಳು. ಕಾಗೆಗೂ ಗೊತ್ತಾಗುವಂಥ ನೀಲಿ. ಅದನ್ನು ಹಾಕಿಕೊಂಡು ಎದುರು ನಿಂತರೆ ಇವರು, "ಕಪ್ಪು ನಿನಗೆ ಒಪ್ಪುತ್ತೆ" ಎಂದಿದ್ದರು. ನನ್ನ ಹತ್ತಿರ ಕಪ್ಪು ಬಣ್ಣದ ಒಂದು ಬಟ್ಟೆಯೂ ಇಲ್ಲ. ಆಗ ನನಗೆ ಹೊಳೆದದ್ದು ಒಂದೇ: ಕಪ್ಪು ಹಾಕಿಕೊಳ್ಳುವವಳು ಇನ್ಯಾರೋ ಇದ್ದಾಳೆ. ಆ ವಾರವೆಲ್ಲ ಅಂಗಡಿಗೆ ಬಂದ ಪ್ರತಿ ಹೆಂಗಸಿನ ಬಟ್ಟೆಯ ಬಣ್ಣ ನೋಡುತ್ತ ಕೂತಿದ್ದೆ. ಈಗ ಅದನ್ನು ನೆನೆಸಿಕೊಂಡಾಗ, ಇನ್ನೊಬ್ಬಳಿದ್ದಿದ್ದರೇ ವಾಸಿಯಾಗಿತ್ತಲ್ಲ ಅನ್ನಿಸಿತು. ಅವಳ ಜುಟ್ಟು ಹಿಡಿದು ಕೇಳಬಹುದಿತ್ತು. ಮರೆವಿನ ಜುಟ್ಟು ಎಲ್ಲಿ ಹಿಡಿಯಲಿ?

ಡಾಕ್ಟರು ಬಂದು ಹೋದ ಕೆಲವೇ ದಿನಗಳಲ್ಲಿ ಇನ್ನೊಂದಾಯಿತು. ಇವರು ಹಿಂದಿನ ಕೋಣೆಯಿಂದ ಅಂಗಡಿಗೆ ಬಂದವರೇ ಬಾಗಿಲ ಪಕ್ಕಕ್ಕೆ ತಿರುಗಿ, "ಓಹೋ, ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ" ಎಂದರು. ಅಲ್ಲಿ ಡಾಕ್ಟರೂ ಇಲ್ಲ, ಯಾರೂ ಇಲ್ಲ. ಮೊಳೆಗೆ ಇವರದೇ ಮಳೆಕೋಟು ತೂಗುಹಾಕಿತ್ತು.

ಕೋಟು ಉತ್ತರ ಕೊಡಲಿಲ್ಲ. ಇವರು ಒಂದು ಕ್ಷಣ ನಿಂತು, ಕೆಮ್ಮಿ, ಏನೂ ಆಗದವರ ಹಾಗೆ ಬೆಂಚಿಗೆ ಹೋಗಿ ಕೂತರು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೀರಿನ ಸದ್ದಿನಲ್ಲಿ ತಂಗಿಗೆ ಫೋನು ಮಾಡಿದೆ. ನನ್ನ ತಂಗಿ ಜಗತ್ತಿಗೆಲ್ಲ ಬುದ್ಧಿ ಹೇಳುವವಳು.

"ಅಕ್ಕ, ಮೊದ್ಲು ಇವತ್ತು ಯಾವ ವಾರ ಅಂತ ಕೇಳು. ನೂರರಿಂದ ಹಿಂದಕ್ಕೆ ಎಣಿಸೋಕೆ ಹೇಳು. ತಪ್ಪಿದ್ರೆ ತಡಮಾಡ್ಬೇಡ" ಎಂದಳು.

ಊಟಕ್ಕೆ ಕೂತಾಗ, "ಇವತ್ತು ಯಾವ ವಾರ?" ಎಂದೆ.

"ಗುರುವಾರ. ಯಾಕೆ, ಸರ್ಕಾರಕ್ಕೆ ರಜ ಬೇಕಿತ್ತಾ?"

"ನೂರರಿಂದ ಹಿಂದಕ್ಕೆ ಎಣಿಸಿ."

"ಸೊನ್ನೆ ಬರೋವಷ್ಟರಲ್ಲಿ ಸಾರು ಆರಿಹೋಗುತ್ತೆ" ಎಂದು ಕೈ ಚಾಚಿದರು. ಕೊಡದೆ ಇದ್ದಾಗ ಎಣಿಸತೊಡಗಿದರು. ಒಂದೂ ತಪ್ಪಲಿಲ್ಲ. ನನಗೇ ಮಧ್ಯದಲ್ಲಿ ಗೊಂದಲವಾಗಿ, ಎಪ್ಪತ್ತರ ಹತ್ತಿರ ಎಲ್ಲಿದ್ದೇವೆಂದು ತಿಳಿಯದೆ ಸಾಕು ಎಂದೆ.

ಮರುದಿನ ಕೆಲಸದಲ್ಲೇ ಪರೀಕ್ಷೆ ಮಾಡೋಣ ಎಂದುಕೊಂಡೆ. ನೋಡಲು ಅವಳಿಜವಳಿಯಂತಿದ್ದು ಥ್ರೆಡ್ಡಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವ ಎರಡು ಬೋಲ್ಟುಗಳಿದ್ದವು. ನಾನಾದರೆ ಅಳತೆಪಟ್ಟಿ ಇಟ್ಟು, ಕನ್ನಡಕ ಏರಿಸಿ, ಆಮೇಲೂ ತಪ್ಪು ಹೇಳುವಂಥವು. ಇವರ ಅಂಗೈಗೆ ಹಾಕಿದೆ. ಇವರು ನೋಡಲೂ ಇಲ್ಲ. ಒಂದೊಂದನ್ನೂ ಹೆಬ್ಬೆರಳ ಉಗುರಿನ ಮೇಲೆ ಎಳೆದು, "ಇದು ಮೊದಲಿನ ಮಾದರಿದು, ಇದು ಆಮೇಲೆ ಬಂದದ್ದು. ಎರಡೂ ಒಂದೇ ಕಡೆ ಯಾಕೆ ಇಟ್ಟಿದ್ದೀಯ?" ಎಂದು ನನ್ನನ್ನೇ ಗದರಿದರು.

ನಾನು ಕಕ್ಕಾಬಿಕ್ಕಿ. ಇಷ್ಟು ಸೂಕ್ಷ್ಮ ಹಿಡಿಯುವ ಮನುಷ್ಯನಿಗೆ ಮಳೆಕೋಟು ಮನುಷ್ಯನಂತೆ ಕಾಣುವುದು ಹೇಗೆ? ಬೆಳಿಗ್ಗೆ ನೆಟ್ಟಗಿದ್ದ ತಲೆ ಸಂಜೆ ಸೊಟ್ಟಗಾಗುತ್ತದೆಯೇ? ಅಥವಾ ಇವರು ಸರಿಯಾಗೇ ಇದ್ದು, ಹುಚ್ಚು ಹಿಡಿಯುತ್ತಿರುವುದು ನನಗೋ? ಒಂದೊಂದು ದಿನ ಅದೇ ನಿಜವೆನ್ನಿಸುತ್ತಿತ್ತು. ಡಾಕ್ಟರು ತಂದ ಆ ಬೋಲ್ಟನ್ನು ತೆಗೆದು ಬೆಳಕಿಗೆ ಹಿಡಿದು, ಇದು ಚಿನ್ನದ ಬಣ್ಣವೇ ಹೌದಲ್ಲವೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮರೆವಿನವರಿಗೆ ಎಲ್ಲವೂ ಓರಣವಾಗಿರಬೇಕು, ಬರೆದಿಟ್ಟಿರಬೇಕು ಎಂದಳು ತಂಗಿ. ಇವರು ಕ್ಷೌರಕ್ಕೆ ಹೋದ ಹೊತ್ತಿಗೆ ಗೋಡೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಒರೆಸಿದೆ. ಸ್ಪ್ರಿಂಗಿನ ಡಬ್ಬಿಗಳೆಲ್ಲ ಒಂದು ಸಾಲು, ಬೋಲ್ಟಿನವು ಒಂದು ಸಾಲು, ವಾಷರಿನವು ಇನ್ನೊಂದು. ಪ್ರತಿಯೊಂದರ ಮೇಲೂ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದೆ. ಮುಚ್ಚಳವಿಲ್ಲದ್ದನ್ನು ಮೇಲಿನ ಮೂಲೆಗೆ ತಳ್ಳಿದೆ. ಬೆಂಚಿನ ಮೇಲೆ ದಪ್ಪನೆಯ ಬಿಳಿ ಬಟ್ಟೆ ಹಾಸಿದೆ. ಅಂಗಡಿ ಔಷಧಿ ಅಂಗಡಿಯಂತೆ ಹೊಳೆಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇವರು ಬಂದು ಕೂತರು. ನಾನು ಹೊಗಳಿಕೆಗೆ ಕಾಯುತ್ತ ನಿಂತೆ. ಅಭ್ಯಾಸದಂತೆ ಹಿಂದಕ್ಕೆ ನೋಡದೆಯೇ ಬಲಗೈ ಚಾಚಿ ಒಂದು ಡಬ್ಬಿ ತೆಗೆದು ಬೆರಳಾಡಿಸಿದರು. ಬೆರಳು ನಿಂತಿತು. ಅದನ್ನಿಟ್ಟು ಪಕ್ಕದ್ದನ್ನು ತೆಗೆದು ಅಲುಗಿಸಿದರು. ಮತ್ತೊಂದು. ಮತ್ತೊಂದು. ಮುಖದ ಬಣ್ಣ ಇಳಿಯಿತು.

"ಎಲ್ಲ ಬರೆದಿದ್ದೀನಲ್ಲ, ಓದಿ" ಎಂದೆ.

"ಓದ್ತೀನಿ" ಎಂದರು. ಓದಲಿಲ್ಲ. ಎರಡೂ ಕೈಗಳನ್ನು ಬಿಳಿ ಬಟ್ಟೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ತಮ್ಮದೇ ಅಂಗಡಿಯಲ್ಲಿ ದಾರಿ ತಪ್ಪಿದವರ ಹಾಗೆ. ಮುಗಿಯಿತು, ಇವರಿಗೆ ಅಕ್ಷರವೂ ಮರೆಯಿತು ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ಇವರು ಮುಟ್ಟಿದ ಕೆಲಸ ಒಂದೂ ಮುಗಿಯಲಿಲ್ಲ. ಮಾತೂ ಕಡಿಮೆಯಾಯಿತು. ಬಂದ ಡಿರೇಲರ್‌ಗಳು ತೂತು ಬಾಯಿ ತೆರೆದುಕೊಂಡು ತಟ್ಟೆಯಲ್ಲೇ ಬಿದ್ದಿದ್ದವು. ಅಂಗಡಿ ಮುಚ್ಚುವ ಮಾತನ್ನು ತಂಗಿ ಎತ್ತಿದಳು. ನಾನು ಅವಳ ಮೇಲೆ ಹರಿಹಾಯ್ದು ಫೋನು ಇಟ್ಟೆ. ಆದರೆ ಅವಳಾಡಿದ ಮಾತು ನನ್ನ ಮನಸ್ಸಿನಲ್ಲೂ ಇತ್ತು. ಈ ಕೆಲಸ ಹೋದರೆ ಇವರಲ್ಲಿ ಉಳಿಯುವುದೇನು ಎಂಬುದು ಗೊತ್ತಿದ್ದದ್ದರಿಂದ ಅದನ್ನು ಬಾಯಿಗೆ ತರಲು ಹೆದರಿದ್ದೆ.

ಒಂದು ಮಧ್ಯಾಹ್ನ ನಾನು ಬಾಗಿಲ ಬಳಿ ಪೊಟ್ಟಣ ಕಟ್ಟುತ್ತಿದ್ದೆ. ಕಿಟಕಿಯಿಂದ ಒಳ್ಳೆಯ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ಇವರ ಕೈಯಿಂದ ಒಂದು ಸ್ಪ್ರಿಂಗು ಚಂಗನೆ ಹಾರಿತು. ಹಾರುವುದು ಸ್ಪ್ರಿಂಗಿನ ಧರ್ಮ. ನಮ್ಮ ಅಂಗಡಿಯಲ್ಲಿ ದಿನಕ್ಕೊಂದು ಹಾರುತ್ತದೆ. ಇವರು ತಲೆ ಓರೆಮಾಡಿ ಕಿವಿಗೊಟ್ಟರು. ಆಮೇಲೆ ಸ್ಟೂಲಿನಿಂದ ಇಳಿದು, ನೆಲದ ಮೇಲೆ ಮಂಡಿಯೂರಿ, ಅಂಗೈಯಿಂದ ನೆಲ ಸವರತೊಡಗಿದರು.

ಸ್ಪ್ರಿಂಗು ಬಿದ್ದಿದ್ದದ್ದು ಬೆಂಚಿನ ಮೇಲೆಯೇ, ಬಿಳಿ ಬಟ್ಟೆಯ ನಡುವೆ, ಬಿಸಿಲಲ್ಲಿ. ಬಾಗಿಲಿಂದ ನನಗೇ ಕಾಣುತ್ತಿತ್ತು.

ಪಾಪ, ಏನು ಹುಡುಕುತ್ತಿದ್ದೇನೆಂಬುದೇ ಮರೆತಿರಬೇಕು ಎಂದು ಮೆಲ್ಲಗೆ ಹತ್ತಿರ ಹೋದೆ. "ಏನ್ರೀ ಹುಡುಕ್ತಿದ್ದೀರಿ?"

"ಸ್ಪ್ರಿಂಗು ಕಣೇ."

"ಯಾವ ಸ್ಪ್ರಿಂಗು?"

"ಕೆಳಗಿನ ತೋಳಿಂದು. ಎಡಕ್ಕೆ ಸುತ್ತಿರೋದು, ಒಂದು ತುದಿ ಕೊಕ್ಕೆ, ಇನ್ನೊಂದು ನೇರ. ಅಂಥದ್ದು ನಮ್ಮತ್ರ ಇದ್ದದ್ದು ಅದೊಂದೇ. ಇದು ಹೋದ್ರೆ ಮತ್ತೆ ಸಿಗಲ್ಲ" ಎಂದರು, ಸವರುತ್ತಲೇ. ಆಮೇಲೆ ಮಗುವಿನಂತೆ ಗೊಣಗಿದರು. "ಬಿದ್ದ ಸದ್ದೇ ಕೇಳಲಿಲ್ಲ. ಸದ್ದಿಲ್ಲದೆ ಹೇಗೆ ಹುಡುಕಲಿ?"

ನಾನು ಅಲ್ಲೇ ನಿಂತೆ. ಹುಡುಕಲು ಸದ್ದು ಯಾಕೆ ಬೇಕು?

ಬಟ್ಟೆ ಹಾಸಿದವಳು ನಾನು. ಬಟ್ಟೆಯ ಮೇಲೆ ಬಿದ್ದರೆ ಸದ್ದಾಗುವುದಿಲ್ಲ. ಡಬ್ಬಿಗಳನ್ನು ಕದಲಿಸಿದವಳೂ ನಾನು. ಇವರು ಡಬ್ಬಿ ತೆಗೆದು ಅಲುಗಿಸುತ್ತಿದ್ದದ್ದು, ಉಗುರಿನ ಮೇಲೆ ಬೋಲ್ಟು ಎಳೆಯುತ್ತಿದ್ದದ್ದು, ಓದುತ್ತೇನೆಂದು ಓದದೆ ಕೂತದ್ದು, ಕೋಟಿಗೆ ಬನ್ನಿ ಎಂದದ್ದು, ಎಲ್ಲವೂ ಒಂದರ ಹಿಂದೊಂದು ನುಗ್ಗಿ ಬಂದವು.

"ರೀ" ಎಂದೆ. "ನನ್ನ ಸ್ವೆಟರ್ ಯಾವ ಬಣ್ಣ?"

ನೆಲದ ಮೇಲಿನ ಕೈ ನಿಂತಿತು.

"ಕಪ್ಪು" ಎಂದರು. ಆಮೇಲೆ, "ಅಲ್ವಾ?"

ನಾನು ಕೂಗಾಡಿದ್ದನ್ನು ಇಡೀ ಬೀದಿ ಕೇಳಿರಬೇಕು. ಕಣ್ಣು ಕಾಣುತ್ತಿಲ್ಲ ಎಂದು ಹೇಳಲು ಬಾಯಿಗೇನಾಗಿತ್ತು ನಿಮಗೆ ಎಂದೆ. ನಿಮ್ಮ ತಲೆ ಕೆಟ್ಟಿತೆಂದು ನಾನು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ ಎಂದೆ. ಇನ್ನೊಬ್ಬಳನ್ನು ಇಟ್ಟುಕೊಂಡಿದ್ದೀರಿ ಎಂದೂ ಅಂದುಕೊಂಡಿದ್ದೆ ಎಂದೆ. ಅದಕ್ಕೆ ಮಾತ್ರ ಇವರಿಗೆ ಸ್ವಲ್ಪ ನಗು ಬಂತು. ಆಮೇಲೆ ನೆಲದ ಮೇಲೆ ಕೂತೇ ಹೇಳಿದರು.

"ಅಪ್ಪಂಗೂ ಹೀಗೇ ಮಬ್ಬು ಮಬ್ಬು ಶುರುವಾಗಿದ್ದು. ಕಣ್ಣಿನ ಡಾಕ್ಟ್ರ ಹತ್ರ ಹೋಗೋವರೆಗೂ ಈ ಬೆಂಚಲ್ಲಿ ಕೂತು ಕೆಲಸ ಮಾಡ್ತಿದ್ರು. ಕಣ್ಣಿನ ನರ ಒಣಗಿದೆ, ದೃಷ್ಟಿ ಇನ್ನು ವಾಪಸ್ ಬರಲ್ಲ ಅಂತ ಅವರು ಹೇಳಿದ್ಮೇಲೆ ಒಂದು ದಿನವೂ ಕೂರಲಿಲ್ಲ. ಮುಂದಿನ ಕೋಣೆ ಕುರ್ಚಿ ಹಿಡಿದವರು ಅಲ್ಲೇ ಹೋದ್ರು. ನೀನೂ ನೋಡಿದ್ದೀಯಲ್ಲ. ಯಾರೂ ಹೇಳದಿದ್ರೆ ನಾನು ಹೀಗೇ ಮಾಡ್ಕೊಂಡು ಹೋಗ್ಬಹುದು ಅನ್ಕೊಂಡೆ."

ನಾನು ಬೆಂಚಿನ ಮೇಲಿನ ಸ್ಪ್ರಿಂಗು ತೆಗೆದು ಅವರ ಅಂಗೈಯಲ್ಲಿಟ್ಟೆ.

ಕಣ್ಣಿನ ಡಾಕ್ಟರಮ್ಮ ಚಿಕ್ಕವಳು. ಇವರ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಬೆಳಕು ಬಿಟ್ಟು, ಒಂದೊಂದು ಕಣ್ಣನ್ನೂ ನೋಡಿದಳು. ನಾನು ಪಕ್ಕದಲ್ಲಿ ನಿಂತು ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿದ್ದೆ.

"ಪೊರೆ" ಎಂದಳು. "ಎರಡೂ ಕಣ್ಣಲ್ಲಿ. ಗಾಜು ಹಳದಿ ಹಿಡಿದ ಹಾಗೆ ಆಗಿಬಿಟ್ಟಿದೆ, ಅದಕ್ಕೆ ಬಣ್ಣ ಗೊತ್ತಾಗ್ತಿಲ್ಲ. ಇಷ್ಟು ಬೆಳೆಯೋವರೆಗೂ ಯಾಕೆ ಬಿಟ್ರಿ?"

"ನರ?" ಎಂದರು ಇವರು.

"ನರ ಚೆನ್ನಾಗಿದೆ."

"ನಮ್ಮಪ್ಪಂಗೆ ನರ..."

"ನಿಮಗೆ ಬರೀ ಪೊರೆ. ತೆಗೆದರಾಯ್ತು."

"ಬರೀ ಪೊರೆನಾ?" ಎಂದು ಮತ್ತೆ ಕೇಳಿದರು. ಹೊರಗೆ ಬಂದ ಮೇಲೆ ನನ್ನನ್ನೂ ಕೇಳಿದರು. ಮನೆಯ ಬಾಗಿಲ ಬೀಗ ತೆಗೆಯುವಾಗ ಇನ್ನೊಮ್ಮೆ. ನಾನು ಪ್ರತಿ ಸಲವೂ ಹೌದು ಎಂದೆ, ಒಮ್ಮೆಯೂ ರೇಗಲಿಲ್ಲ.

ಮೊದಲು ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಇದು ಮಾಗಿದ ಮೇಲೆ. ಬೆಂಚಿಗೆ ಕೂರಬಹುದು ಎಂದು ಡಾಕ್ಟರಮ್ಮ ಒಪ್ಪಿದ ದಿನ, ಇವರು ಮೊದಲು ಕೈಗೆತ್ತಿಕೊಂಡದ್ದು ಹಲ್ಲಿನ ಡಾಕ್ಟರ ಡಿರೇಲರ್. ಎಡಗಣ್ಣು ಮುಚ್ಚಿ ಬೋಲ್ಟು ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು ಮುಚ್ಚಿದರು.

"ಥೂ, ಯಾರೇ ಇದನ್ನ ಹಾಕಿದ್ದು? ಈ ಕಣ್ಣಲ್ಲಿ ಎರಡೂ ಒಂದೇ. ಈ ಕಣ್ಣಲ್ಲಿ ಬೆಳ್ಳಿ ಪಕ್ಕ ಚಿನ್ನ. ಡಾಕ್ಟ್ರು ಬೈದಿರಬೇಕಲ್ಲ" ಎಂದರು. ಹಾಗೇ ಒಂದು ಕಣ್ಣು ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. "ಅಯ್ಯೋ, ನೀಲಿ!"

"ಹೂಂ. ಎರಡು ಚಳಿಗಾಲದಿಂದ ನೀಲಿನೇ."

"ಚೆನ್ನಾಗಿದೆ" ಎಂದರು, ಸ್ವೆಟರನ್ನಲ್ಲ, ನನ್ನ ಮುಖವನ್ನು ನೋಡುತ್ತ. ಈ ಎರಡು ಚಳಿಗಾಲದಲ್ಲಿ ನನ್ನ ಮುಂದಲೆ ಪೂರ್ತಿ ಬೆಳ್ಳಗಾಗಿದ್ದು ನನಗೆ ಗೊತ್ತಿತ್ತು. ಅದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬೆಳ್ಳಿ ಬಣ್ಣದ ಬೋಲ್ಟು ಬೇಕಿತ್ತು. ಇವರು ಗೋಡೆಯ ಕಡೆ ತಿರುಗಿ, ಒಂದೊಂದೇ ಚೀಟಿ ಓದುತ್ತ ಹೋದರು. ಈಗ ಅಕ್ಷರ ಕಾಣುತ್ತಿತ್ತು. ಆದರೂ ಸಿಗಲಿಲ್ಲ, ಯಾಕೆಂದರೆ ನಾನು ಬರೆದದ್ದು ಬರೀ 'ಬೋಲ್ಟು' ಎಂದು. ಆ ಸಾಲಿನಲ್ಲಿದ್ದವೆಲ್ಲ ಬೋಲ್ಟುಗಳೇ.

"ಎಲ್ಲ ಕೆಳಗಿಳಿಸು. ಮೊದಲಿದ್ದ ಹಾಗೇ ಇಡೋಣ" ಎಂದರು.

"ಮೊದಲು ಎಲ್ಲೆಲ್ಲಿತ್ತು ಅಂತ ನನಗೇನು ಗೊತ್ತು?"

"ನನಗೂ ಗೊತ್ತಿಲ್ಲ. ಕೈಗೆ ಗೊತ್ತು" ಎಂದವರೇ ಗೋಡೆಗೆ ಮುಖಮಾಡಿ ನಿಂತು ಎರಡೂ ಕಣ್ಣು ಮುಚ್ಚಿಕೊಂಡರು.

"ಇಷ್ಟು ಪಾಡುಪಟ್ಟು ಕಣ್ಣು ಬಿಡಿಸಿದ್ದು ಮುಚ್ಕೊಳ್ಳೋಕಾ?"

"ನೀನು ಕೊಡ್ತಾ ಹೋಗು."

ಒಂದು ಡಬ್ಬಿ ಕೊಟ್ಟೆ. ಅಲುಗಿಸಿ, ತೂಕ ನೋಡಿ, ಕೈ ತಾನಾಗಿ ಮೇಲಕ್ಕೆ ಹೋಗಿ ಎಡಕ್ಕೆ ಸರಿದು ಅದನ್ನು ಇಟ್ಟಿತು. ಇನ್ನೊಂದು ಕೊಟ್ಟೆ. ಮೊಣಕಾಲಿನ ಮಟ್ಟಕ್ಕೆ ಬಾಗಿ ಇಟ್ಟರು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ತಾಗಲಿಲ್ಲ. ಮೊದಮೊದಲು ನನಗೆ ನಗು ಬಂತು. ಕಣ್ಣಾಮುಚ್ಚಾಲೆ ಆಡುವ ವಯಸ್ಸೇ ಇದು ಎಂದು ರೇಗಿಸಿದೆ. ಇವರೂ ನಕ್ಕರು. ಡಬ್ಬಿಗಳು ಒಂದೊಂದಾಗಿ ಮನೆ ಸೇರಿದವು.

ಅರ್ಧ ಗೋಡೆ ತುಂಬುವ ಹೊತ್ತಿಗೆ ನನ್ನ ನಗು ನಿಂತಿತ್ತು. ಇಷ್ಟು ಚೆನ್ನಾಗಿ ಕಲಿಯಲು ಎಷ್ಟು ಕಾಲ ಬೇಕು? ನಾನು ಇದೇ ಕೋಣೆಯಲ್ಲಿ, ಎರಡು ಮಾರು ದೂರದಲ್ಲಿ, ಪೊಟ್ಟಣ ಕಟ್ಟುತ್ತ ಗಿರಾಕಿಗಳ ಜೊತೆ ಬಾಯಿ ಮಾಡುತ್ತ ಕೂತಿದ್ದೆ. ಈ ಮನುಷ್ಯ ನನ್ನ ಬೆನ್ನ ಹಿಂದೆ ಒಬ್ಬರೇ, ಇನ್ನು ಕತ್ತಲೇ ಗತಿ ಎಂದುಕೊಂಡು, ಒಂದೊಂದೇ ಡಬ್ಬಿಯನ್ನು ಕೈಗೆ ಬಾಯಿಪಾಠ ಮಾಡಿಸುತ್ತಿದ್ದರು. ಆಗೆಲ್ಲ ನಾನು ಇವರನ್ನು ಕೇಳಿದ್ದು ಇವತ್ತು ಯಾವ ವಾರ ಎಂದು.

"ಯಾಕೆ ಸರ್ಕಾರ, ನಿಲ್ಲಿಸಿಬಿಟ್ಟೆ?" ಕಣ್ಣು ಮುಚ್ಚಿಯೇ ಕೈ ಚಾಚಿದ್ದರು.

ನನ್ನ ಕೈಯಲ್ಲಿ ಮುಂದಿನ ಡಬ್ಬಿ ಇತ್ತು. ಮೂಗು ಒರೆಸಿಕೊಂಡೆ. ದನಿ ಸರಿಮಾಡಿಕೊಂಡು, "ಏನಿಲ್ಲ, ಇದರ ಮುಚ್ಚಳ ಬಿಗಿಯಾಗಿತ್ತು" ಎಂದು ಅವರ ಕೈಗಿಟ್ಟೆ.

ಇವರು ಅದನ್ನು ಅಲುಗಿಸಲಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಒಂದು ಸುತ್ತು ಸವರಿದರು.

"ಇದಕ್ಕೆ ಮುಚ್ಚಳವೇ ಇಲ್ಲವಲ್ಲೇ" ಎಂದರು. ಕಣ್ಣು ತೆರೆಯಲಿಲ್ಲ. ಇನ್ನೊಂದು ಕೈಯಿಂದ ನನ್ನ ಕೈ ಹುಡುಕಿ ಹಿಡಿದುಕೊಂಡರು.